ಜೋಡಿ ಬತ್ತಿಯ ಸರಾಸರಿ

ಪ್ಯಾಕಿಂಗ್ ಕೋಣೆಯ ಅಜ್ಜಿ ಆ ಮಾತನ್ನು ನಿಜಕ್ಕೂ ಆಡಿದರೋ, ಅಥವಾ ವರ್ಷ ವರ್ಷವೂ ಅದೇ ಉದಾಹರಣೆಯನ್ನು ಪಾಠ ಹೇಳುತ್ತಾ ನಾನೇ ಅದನ್ನು ಅವರ ಬಾಯಿಗೆ ಹಾಕಿದೆನೋ, ಈಗ ನನಗೆ ಖಾತ್ರಿಯಿಲ್ಲ. ಒಂದೇ ಘಟನೆಯನ್ನು ತಂಡದ ಮೇಲೆ ತಂಡಕ್ಕೆ ಹೇಳುತ್ತಾ ಹೋದರೆ ಅದು ಸವೆದು ನುಣುಪಾಗುತ್ತದೆ. ತರಗತಿ ನಕ್ಕ ಜಾಗಗಳು ಉಳಿಯುತ್ತವೆ, ಆಕಳಿಸಿದ ಜಾಗಗಳು ಉದುರಿಹೋಗುತ್ತವೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಸಾಕ್ಷಿ ಒಬ್ಬನೇ ಇದ್ದು, ಆ ಒಬ್ಬನೂ ನಾನೇ ಆಗಿದ್ದರೆ, ಅಂಥ ಸಾಕ್ಷ್ಯಕ್ಕೆ ಎಷ್ಟು ತೂಕವೆಂದು ಬಲ್ಲೆ. ಆದ್ದರಿಂದ ಎಲ್ಲಿ ಗಟ್ಟಿಯಾಗಿ ನೆನಪಿದೆ, ಎಲ್ಲಿ ಇಲ್ಲ ಎಂಬುದನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಒಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ತರಗತಿಗೆ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಹೇಳುತ್ತಿದ್ದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ, ಮುಖ ತೊಳೆದು ಬರುವವರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರೊಬ್ಬರು ನನಗಿಂತ ವಯಸ್ಸಿನಲ್ಲಿ ಬಹಳ ಹಿರಿಯರು. ಎಸ್ಟೇಟಿನ ಹಿಂದಿನ ಅಡ್ಡರಸ್ತೆಯಲ್ಲಿದ್ದ ಒಂದು ಸಣ್ಣ ಊದುಬತ್ತಿ ಕಾರ್ಖಾನೆಯ ಮ್ಯಾನೇಜರು. ಅವರ ಬಟ್ಟೆಯಿಂದ ಬತ್ತಿಯ ಪರಿಮಳ ಹೋಗುತ್ತಲೇ ಇರಲಿಲ್ಲ. ಅವರು ಬಾಗಿಲು ದಾಟಿದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ, “ಅಣ್ಣ ಬಂದ್ರು, ಮಂಗಳಾರತಿ ಶುರು ಮಾಡ್ಬೋದು ಸಾರ್” ಎನ್ನುತ್ತಿದ್ದರು. ಅವರು ನಗುತ್ತಿದ್ದರು. ಡಿಗ್ರಿ ಆದರೆ ಒಳ್ಳೆಯ ಕಡೆ ಕೆಲಸ ಸಿಗಬಹುದೆಂಬ ಆಸೆ ಅವರದು.

ಆ ವಾರ ಕಾನ್ಫಿಡೆನ್ಸ್ ಇಂಟರ್ವಲ್ ಪಾಠ. ಎಲ್ಲ ಸರಕನ್ನೂ ಪರೀಕ್ಷಿಸಲು ಆಗುವುದಿಲ್ಲ, ಕೆಲವನ್ನು ಮಾತ್ರ ಪರೀಕ್ಷಿಸಿ ಸರಾಸರಿ ತೆಗೆಯುತ್ತೇವೆ. ಆ ಸರಾಸರಿ ಎಲ್ಲ ಸರಕಿನ ನಿಜವಾದ ಸರಾಸರಿಗೆ ಹತ್ತಿರ ಇರುತ್ತದೆ, ಅದೇ ಆಗಿರುವುದಿಲ್ಲ. ಹಾಗಾಗಿ ಒಂದು ಅಂಕಿಯ ಬದಲು ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಒಂದು ಹರವು ಹೇಳುತ್ತೇವೆ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಎಡವುವುದು ತೊಂಬತ್ತೈದು ಪರ್ಸೆಂಟ್ ಬಳಿ. ನಾನು ಹೇಳುತ್ತಿದ್ದುದು ಹೀಗೆ: ಕತ್ತಲಲ್ಲಿ ಒಂದು ಗೂಟ ನೆಟ್ಟಿದೆ, ನೀವು ಹಗ್ಗದ ಕುಣಿಕೆ ಎಸೆಯುತ್ತೀರಿ. ಗೂಟ ಅಲುಗುವುದಿಲ್ಲ, ಬೀಳುವ ಜಾಗ ಬದಲಾಗುವುದು ಕುಣಿಕೆಯದು. ನೂರು ಸಲ ಎಸೆದರೆ ತೊಂಬತ್ತೈದು ಸಲದ ಆಸುಪಾಸು ಗೂಟಕ್ಕೆ ಬೀಳುವಂತೆ ಎಸೆಯುವ ಕ್ರಮ ಇದು. ಈಗ ಎಸೆದದ್ದು ಬಿದ್ದಿದೆಯೋ ಇಲ್ಲವೋ ಕತ್ತಲಲ್ಲಿ ಕಾಣದು.

ಪಾಠ ಮುಗಿದ ಮೇಲೆ ಮ್ಯಾನೇಜರು ನನ್ನ ಜೊತೆ ಬಸ್ ಸ್ಟಾಪಿನವರೆಗೆ ಬಂದರು.

“ಸಾರ್, ಈ ಕುಣಿಕೆ ನಮ್ಮ ಬತ್ತಿಗೆ ಹಾಕ್ಬೋದಾ?”

ವಿಷಯ ಹೀಗಿತ್ತು. ಅವರ ಪೊಟ್ಟಣದ ಮೇಲೆ ‘ನಲವತ್ತು ನಿಮಿಷ ಉರಿಯುತ್ತದೆ’ ಎಂದು ಅಚ್ಚಾಗಿತ್ತು. ಬೊಂಬಾಯಿಯ ಸಗಟು ವ್ಯಾಪಾರಿ ಅಷ್ಟು ಉರಿಯುತ್ತಿಲ್ಲ ಎಂದು ಬರೆದಿದ್ದ. ಕಾರ್ಖಾನೆಗೆ ಬತ್ತಿ ಬರುತ್ತಿದ್ದುದು ಎರಡು ಕಡೆಯಿಂದ. ಕಾರ್ಖಾನೆಯ ಶೆಡ್ಡಿನಲ್ಲೇ ಕೂತು ಹೊಸೆಯುವ ಹೆಂಗಸರು ಒಂದಿಷ್ಟು. ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಮನೆಮನೆಯಲ್ಲಿ ಹೊಸೆಯುವವರು ಒಂದಿಷ್ಟು. ಇದ್ದಿಲ ಪುಡಿಗೆ ಅಂಟಿನ ಪುಡಿ ಬೆರೆಸಿದ ಹಿಟ್ಟನ್ನು ಕಾರ್ಖಾನೆಯೇ ಶನಿವಾರ ಚೀಲದಲ್ಲಿ ಕಳಿಸುತ್ತಿತ್ತು, ಬಿದಿರು ಕಡ್ಡಿಯನ್ನೂ ಕಳಿಸುತ್ತಿತ್ತು. ಮನೆಯವರು ಕಲಸಿ, ಮಣೆಯ ಮೇಲೆ ಹೊಸೆದು, ಒಣಗಿಸಿ ವಾಪಸು ಕೊಡಬೇಕು. ಯಜಮಾನರ ಅನುಮಾನವೆಲ್ಲ ಸುಂಕದಕಟ್ಟೆಯ ಮೇಲೆ. ಅಲ್ಲಿಯವರು ತೆಳ್ಳಗೆ ಹೊಸೆದು ಹಿಟ್ಟು ಉಳಿಸಿಕೊಳ್ಳುತ್ತಾರೆ ಎಂದು. ನಲವತ್ತು ಇಲ್ಲ ಎಂದು ತೋರಿದರೆ ಅಲ್ಲಿಗೆ ಹಿಟ್ಟು ಕಳಿಸುವುದನ್ನು ನಿಲ್ಲಿಸುವುದಾಗಿ ಅವರು ಹೇಳಿದ್ದರು.

ನಾನು ಯೂನಿವರ್ಸಿಟಿ ಬಿಟ್ಟು ಹೆಚ್ಚು ಕಾಲವಾಗಿರಲಿಲ್ಲ. ಪುಸ್ತಕದ ಬಲ್ಬು, ಪುಸ್ತಕದ ಟೈರುಗಳ ಲೆಕ್ಕ ಮಾಡಿ ಮಾಡಿ ಬೇಸತ್ತಿದ್ದೆ. ನಿಜವಾದ ಸರಕು ಕೈಗೆ ಸಿಕ್ಕಿತೆಂದು ಹಿಗ್ಗಿದೆ. ಸುಂಕದಕಟ್ಟೆಯ ಕಟ್ಟುಗಳಿಂದ ಅಲ್ಲೊಂದು ಇಲ್ಲೊಂದು ಆರಿಸಿ ಐವತ್ತು ಬತ್ತಿ ಉರಿಸಿ, ಪ್ರತಿಯೊಂದರ ಹೊತ್ತು ಬರೆದು ತನ್ನಿ ಎಂದೆ.

ಅವರು ತಂದರು. ತರಗತಿಯಲ್ಲೇ ಲೆಕ್ಕ ಹಾಕಿಸಿದೆ. ಒಂದೊಂದು ಸಾಲಿನವರಿಗೆ ಹತ್ತು ಹತ್ತು ಅಂಕಿ ಹಂಚಿದೆ, ವರ್ಗಮೂಲಕ್ಕೆ ಲಾಗರಿತಮ್ ಪುಸ್ತಕ.

“ಅಣ್ಣಾ, ಯಾರಿಗೆ ಬತ್ತಿ ಇಡೋಕೆ ಇಷ್ಟೆಲ್ಲಾ ತಯಾರಿ?” ಎಂದ ಹಿಂದಿನ ಬೆಂಚಿನವನು.

“ಮೊದ್ಲು ಕೂಡೋದು ಕಲಿ ಮಗಾ, ಆಮೇಲೆ ನಿಂಗೇ ಇಡ್ತೀನಿ.”

ಅಂಕಿಗಳು ನನಗೆ ಮುಖಗಳಿಗಿಂತ ಚೆನ್ನಾಗಿ ನೆನಪಿವೆ, ಏಕೆಂದರೆ ಆಮೇಲೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಸರಾಸರಿ 39.2 ನಿಮಿಷ. ಒಂದು ಬತ್ತಿಗೂ ಇನ್ನೊಂದಕ್ಕೂ ಇರುವ ಏರುಪೇರಿನ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 2.4. ಅದನ್ನು ಐವತ್ತರ ವರ್ಗಮೂಲದಿಂದ ಭಾಗಿಸಿದರೆ 0.34. ತೊಂಬತ್ತೈದು ಪರ್ಸೆಂಟಿಗೆಂದು ಪುಸ್ತಕ ಕೊಡುವ 1.96ರಿಂದ ಅದನ್ನು ಗುಣಿಸಿದರೆ 0.67. ಸರಾಸರಿಯ ಆಚೀಚೆ ಅಷ್ಟು ಬಿಟ್ಟರೆ 38.5ರಿಂದ 39.9. ನಲವತ್ತು ಕುಣಿಕೆಯ ಹೊರಗೆ, ಕೂದಲೆಳೆಯಷ್ಟು ಹೊರಗೆ.

ಮ್ಯಾನೇಜರು ತಲೆ ಬಗ್ಗಿಸಿ ಬರೆದುಕೊಂಡರು. “ತೊಂಬತ್ತೈದು ಪರ್ಸೆಂಟ್ ಗ್ಯಾರಂಟಿ, ಅಲ್ವಾ ಸಾರ್? ಯಜಮಾನ್ರಿಗೆ ಅಷ್ಟು ಸಾಕು.”

ಗ್ಯಾರಂಟಿ ಅಲ್ಲ ಎಂದು ಮತ್ತೆ ಗೂಟದ ಕಥೆ ತೆಗೆದೆ. ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಆ ‘ಗ್ಯಾರಂಟಿ’ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮಾರನೆಯ ಮಧ್ಯಾಹ್ನ ಯಜಮಾನರಿಗೆ ನಾನೇ ವಿವರಿಸಿ ಬರೋಣವೆಂದು ಕಾರ್ಖಾನೆಗೆ ಹೋದೆ. ಅವರು ಊಟಕ್ಕೆ ಹೋಗಿದ್ದರು. ಬಾಗಿಲಲ್ಲಿ ಒಬ್ಬ ಹೆಂಗಸು ತಲೆಯ ಮೇಲಿನ ಬತ್ತಿಯ ಕಟ್ಟು ಇಳಿಸುತ್ತಿದ್ದರು. ಸುಂಕದಕಟ್ಟೆಯ ಮನೆಗಳ ಬತ್ತಿಯನ್ನೆಲ್ಲ ಒಟ್ಟು ಮಾಡಿ ತಂದುಕೊಡುವವರು ಅವರೇ ಎಂದು ಆಮೇಲೆ ತಿಳಿಯಿತು. ನನಗಿಂತ ಮೊದಲು ನನ್ನ ಸುದ್ದಿ ಅಲ್ಲಿಗೆ ಬಂದಿತ್ತು.

“ಬೋರ್ಡ್ ಮೇಲೆ ನಮ್ ಬತ್ತಿ ಫೇಲ್ ಮಾಡಿದ್ ಮೇಷ್ಟ್ರು ನೀವೇನಾ?”

ಫೇಲ್ ಅಂತ ಅಲ್ಲಮ್ಮಾ ಎಂದೇನೋ ಗೊಣಗಿದೆ.

“ಫೇಲಾದ್ರೆ ಮುಂದ್ಲೊರ್ಷ ಮತ್ತೆ ಪರೀಕ್ಷೆ ಕೊಡ್ತಾರೆ ನಿಮ್ ಸ್ಕೂಲಲ್ಲಿ. ನಮ್ಗೆ ಶನಿವಾರದಿಂದ ಹಿಟ್ಟೇ ಇಲ್ಲ ಅಂತವ್ರೆ. ಆ ಮನೆಯೋರ್ಗೆಲ್ಲ ನಾನ್ ಹೋಗಿ ಏನಂತ ಹೇಳ್ಲಿ? ಲೆಕ್ಕದಲ್ಲಿ ಬಂದಿಲ್ಲ ಅನ್ಲಾ?”

ಮ್ಯಾನೇಜರು ಬಂದು, “ಆಯ್ತು ನಡಿಯಕ್ಕಾ, ಒಳಗೆ ತೂಕ ಹಾಕ್ಸು” ಎಂದು ಅವರನ್ನು ಕಳಿಸಿದರು. ನಾನು ಪರೀಕ್ಷೆ ನಡೆದ ಜಾಗ ತೋರಿಸಿ ಎಂದೆ. ಅಂದು ಅದನ್ನು ಕೇಳಿದ್ದು ಅನುಮಾನದಿಂದಲೋ, ಅಥವಾ ಆ ಹೆಂಗಸಿನ ಮುಖ ತಪ್ಪಿಸಿಕೊಳ್ಳಲೋ, ಹೇಳಲಾರೆ.

ಪ್ಯಾಕಿಂಗ್ ಕೋಣೆಯ ಒಂದು ಮೂಲೆಯಲ್ಲಿ ದೇವರ ಪಟ, ಅದರ ಮುಂದೆ ಬತ್ತಿ ಚುಚ್ಚುವ ಹಿತ್ತಾಳೆಯ ಗೂಡು, ಗೋಡೆಯ ಮೇಲೆ ಗಡಿಯಾರ. ಬತ್ತಿ ಹಚ್ಚಿದ್ದು ಅಲ್ಲಿನ ಹಿರಿಯ ಕೆಲಸಗಾರ್ತಿ, ಎಲ್ಲರೂ ಅಜ್ಜಿ ಎನ್ನುತ್ತಿದ್ದವರು. ಹೇಗೆ ಮಾಡಿದಿರಿ, ಒಮ್ಮೆ ಮಾಡಿ ತೋರಿಸಿ ಎಂದೆ. ಅಜ್ಜಿ ಕೈಗೆ ಸಿಕ್ಕ ಕಟ್ಟಿನಿಂದ ಎರಡು ಬತ್ತಿ ಎಳೆದರು. ಎರಡನ್ನೂ ಒಟ್ಟಿಗೆ ದೀಪಕ್ಕೆ ಹಿಡಿದರು, ಕೈ ಬೀಸಿ ಜ್ವಾಲೆ ಆರಿಸಿದರು, ಅಕ್ಕಪಕ್ಕದ ತೂತುಗಳಿಗೆ ಚುಚ್ಚಿ, ಗಡಿಯಾರ ನೋಡಿದರು.

“ಯಾವಾಗ್ಲೂ ಎರಡೆರಡೇ ಹಚ್ಚಿದ್ರಾ?”

ಅವರು ನನ್ನನ್ನು ಒಂದು ಬಗೆಯಾಗಿ ನೋಡಿದರು. “ಒಂಟಿ ಬತ್ತಿ ಹಚ್ತಾರೇನಪ್ಪಾ? ಒಂಟಿ ಹಚ್ಚೋದು ಹೆಣದ ತಲೆದೆಸೇಲಿ.”

ಇದೇ ಆ ಮಾತು. ಅಂದರೋ ಇಲ್ಲವೋ ಖಾತ್ರಿಯಿಲ್ಲ ಎಂದೆನಲ್ಲ, ಅದು. ಆದರೆ ಗೂಡಿನಲ್ಲಿ ಎರಡು ಬತ್ತಿ ಜೋಡಿಯಾಗಿ ಹೊಗೆಯಾಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಎರಡರ ಕೆಂಡವೂ ಸಮಸಮನಾಗಿ ಕೆಳಗಿಳಿಯುತ್ತಿತ್ತು. ಬಾಗಿಲು ತೆರೆದು ಗಾಳಿ ನುಗ್ಗಿದಾಗ ಎರಡೂ ಒಟ್ಟಿಗೆ ಕೆಂಪಾದವು.

ನನ್ನ ಸೂತ್ರದ ಬೆನ್ನೆಲುಬೇ ಐವತ್ತು ಬತ್ತಿಗಳೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಉರಿದಿವೆ ಎಂಬುದು. ಇಲ್ಲಿ ಜೋಡಿಯ ಎರಡೂ ಒಂದೇ ಕಟ್ಟಿನವು; ಒಂದೇ ಮನೆಯ ಕೈ, ಒಂದೇ ದಿನದ ಬಿಸಿಲು, ಒಂದೇ ಗೂಡು, ಒಂದೇ ಗಾಳಿ. ಮೊದಲನೆಯದು ಹೇಳಿದ್ದನ್ನೇ ಎರಡನೆಯದೂ ಹೇಳುತ್ತಿತ್ತು. ಐವತ್ತು ಸಾಕ್ಷಿಗಳೆಂದು ನಾನು ತಿಳಿದದ್ದು ಹೆಚ್ಚುಕಡಿಮೆ ಇಪ್ಪತ್ತೈದೇ ಸಾಕ್ಷಿಗಳು, ಪ್ರತಿಯೊಬ್ಬರನ್ನೂ ಎರಡೆರಡು ಸಲ ಕೇಳಿದ್ದು ಅಷ್ಟೆ. ಸಾಕ್ಷಿಗಳು ಕಡಿಮೆಯಾದರೆ ಕುಣಿಕೆ ಅಗಲವಾಗಬೇಕು. ನಾನು ಕುಣಿಕೆಯನ್ನು ಇರಬೇಕಾದುದಕ್ಕಿಂತ ಚಿಕ್ಕದಾಗಿ ಕಟ್ಟಿದ್ದೆ.

ಮ್ಯಾನೇಜರ ಮೇಜಿನ ಮುಂದೆಯೇ ಕೂತು ಮತ್ತೆ ಲೆಕ್ಕ ಮಾಡಿದೆ. ಪಟ್ಟಿಯಲ್ಲಿ ಹೊತ್ತುಗಳು ಹಚ್ಚಿದ ಕ್ರಮದಲ್ಲೇ ಇದ್ದವು. ಪ್ರತಿ ಜೋಡಿಗೆ ಒಂದು ಸರಾಸರಿ, ಅಂಥವು ಇಪ್ಪತ್ತೈದು. ಅವುಗಳ ಸರಾಸರಿ ಅದೇ 39.2. ಏರುಪೇರು 2.34. ಇಪ್ಪತ್ತೈದರ ವರ್ಗಮೂಲ ಐದು, ಭಾಗಿಸಿದರೆ 0.47. ಸಂಖ್ಯೆ ಕಡಿಮೆಯಾದ್ದರಿಂದ ಈಗ 1.96 ಸಾಲದು, ಪುಸ್ತಕದ ಟೀ-ಟೇಬಲ್ ಎಂಬ ಕೋಷ್ಟಕದಿಂದ 2.06. ಗುಣಿಸಿದರೆ 0.97. ಹರವು 38.2ರಿಂದ 40.2. ನಲವತ್ತು ಈಗ ಒಳಗೆ.

“ಹಾಗಾದ್ರೆ ನಲವತ್ತು ಇದೆಯಾ ಸಾರ್?”

“ಇರಬೋದು. ಇಲ್ದೇನೂ ಇರಬೋದು. ಇದ್ರಿಂದ ಹೇಳೋಕಾಗಲ್ಲ.”

“ಗೊತ್ತಿಲ್ಲ ಅನ್ನೋಕೆ ಇಷ್ಟು ಲೆಕ್ಕ ಬೇಕಿತ್ತಾ?” ಎಂದು ಅವರು ಪೆನ್ನು ಮುಚ್ಚಿದರು. “ಯಜಮಾನ್ರು ಇದನ್ನ ಕೇಳಲ್ಲ ಸಾರ್. ನಿನ್ನೆ ಇಲ್ಲ ಅಂದ್ರಿ, ಇವತ್ತು ಗೊತ್ತಿಲ್ಲ ಅಂತೀರಿ. ನಾಳೆ ಬಂದು ಇದೆ ಅಂತೀರೇನೋ ಅಂತಾರೆ.”

ಅವರ ಮಾತು ನ್ಯಾಯವಾಗಿತ್ತು. ಎರಡನೆಯ ಲೆಕ್ಕ ಮೊದಲನೆಯದನ್ನು ಕೆಡವಿತ್ತು, ಅದರ ಜಾಗದಲ್ಲಿ ಏನನ್ನೂ ನಿಲ್ಲಿಸಿರಲಿಲ್ಲ. ಅಷ್ಟಕ್ಕೇ ಬಿಟ್ಟು ಬರಬಹುದಿತ್ತು. ಬರುವ ಮೊದಲು ಶೆಡ್ಡಿನ ಕಡೆ ಕಣ್ಣು ಹೋಯಿತು. ಅಲ್ಲಿ ಹೆಂಗಸರು ಅದೇ ಚೀಲದ ಹಿಟ್ಟನ್ನು ಹೊಸೆಯುತ್ತಿದ್ದರು. ಆ ಬತ್ತಿ ಎಷ್ಟು ಹೊತ್ತು ಉರಿಯುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಶೆಡ್ಡಿನ ಬತ್ತಿನೂ ಉರಿಸೋಣ” ಎಂದೆ. “ಎರಡನ್ನೂ ಹೋಲಿಸೋಣ. ಸುಂಕದಕಟ್ಟೆಯದೇ ತಪ್ಪಾಗಿದ್ರೆ ವ್ಯತ್ಯಾಸ ಕಾಣ್ಬೇಕು.”

ಮ್ಯಾನೇಜರು ಸುತ್ತ ನೋಡಿ ದನಿ ತಗ್ಗಿಸಿದರು. “ಶೆಡ್ಡು ನೋಡ್ಕೊಳ್ಳೋದು ಅಮ್ಮಾವ್ರು ಸಾರ್. ಯಜಮಾನ್ರ ಮನೆಯೋರು. ಅವರ ಬತ್ತಿ ಪರೀಕ್ಷೆ ಮಾಡ್ಬೇಕು ಅಂತ ಯಾರು ಹೇಳೋದು? ನೀವು ಹೇಳ್ತೀರಾ?”

ನಾನೇ ಹೇಳಿದೆ. ಯಜಮಾನರು ಊಟ ಮುಗಿಸಿ ಬಂದು ಕೂತು ಎಲ್ಲ ಕೇಳಿದರು. ಅವರಿಗೆ ಕೋಪ ಬಂದಂತೆ ಕಾಣಲಿಲ್ಲ. ಶೆಡ್ಡಿನ ಬತ್ತಿ ಗೆಲ್ಲುತ್ತದೆಂಬ ನಂಬಿಕೆ ಇದ್ದಿರಬೇಕು. “ಮಾಡಿ. ಶನಿವಾರದ ಒಳಗೆ ಮುಗೀಬೇಕು” ಎಂದರು.

ಈ ಸಲ ತಪ್ಪಾಗಬಾರದೆಂದು ಒಂದು ನಿಯಮ ಹಾಕಿದೆ: ಒಂದು ಸಲಕ್ಕೆ ಒಂದೇ ಬತ್ತಿ. ಅಜ್ಜಿ ಆಗುವುದಿಲ್ಲ ಎಂದರು. ಇದು ಪೂಜೆಯಲ್ಲ ಅಜ್ಜಿ, ಪರೀಕ್ಷೆ ಎಂದೆ. “ಬತ್ತಿಗೇನ್ ಗೊತ್ತು ಪರೀಕ್ಷೆ ಅಂತ?” ಎಂದರು. ಮ್ಯಾನೇಜರಿಗೆ ಹೇಳಿದೆ. ಅವರು ಒಂದು ಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಅದರ ಪಕ್ಕ ಇನ್ನೊಂದು ಚುಚ್ಚಿಬಿಟ್ಟರು. “ಕೈ ಕೇಳಲ್ಲ ಸಾರ್, ಮನೇಲಿ ಹೆಂಡ್ತಿಗೆ ಬೇರೆ ಹುಷಾರಿಲ್ಲ.” ದೇವರು ದಿಂಡರಲ್ಲಿ ನಂಬಿಕೆ ಇಲ್ಲದ ನಾನು ಕೊನೆಗೆ ಒಂಟಿ ಬತ್ತಿಯನ್ನು ನಾನೇ ಹಚ್ಚಿದೆ. ಅಜ್ಜಿ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಅವರ ಹಿಂದೆಯೇ ಉಳಿದ ಹೆಂಗಸರೂ ಹೋದರು. ಪ್ಯಾಕಿಂಗ್ ನಿಂತಿತು. ಯಜಮಾನರು ಬಂದು ಒಮ್ಮೆ ಇಣುಕಿ, ನನ್ನನ್ನೂ ಆ ಒಂದು ಬತ್ತಿಯನ್ನೂ ನೋಡಿ ಹೊರಟುಹೋದರು.

ಆ ಬತ್ತಿ ಉರಿದು ಮುಗಿಯುವವರೆಗೆ ಕೋಣೆಯಲ್ಲಿ ನಾನೊಬ್ಬನೇ. ಅವರ ಮೂಢನಂಬಿಕೆಯನ್ನು ಮನಸ್ಸಿನಲ್ಲೇ ಬೈದುಕೊಂಡೆ. ಬೈಗುಳ ಮುಗಿದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಯೋಚಿಸತೊಡಗಿದೆ. ಅವರಿಗೆ ಬೇಕಾದದ್ದು ಎರಡು ಬತ್ತಿ. ಆ ಎರಡೂ ಒಂದೇ ಊರಿನದಾಗಬೇಕೆಂದು ಯಾರು ಹೇಳಿದರು? ಒಂದು ಸುಂಕದಕಟ್ಟೆಯದು, ಒಂದು ಶೆಡ್ಡಿನದು. ಜೋಡಿಯಾಗಿ ಹಚ್ಚಲಿ. ಗಾಳಿ ಬಂದರೆ ಎರಡಕ್ಕೂ ಬರುತ್ತದೆ, ತೇವವಿದ್ದರೆ ಎರಡಕ್ಕೂ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಗಾಳಿಯೂ ತೇವವೂ ವಜಾ ಆಗಿ, ಹೊಸೆದ ಕೈಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಇದು ನನ್ನ ಪುಸ್ತಕದಲ್ಲೇ ಇದ್ದ ವಿಧಾನ. ಪರೀಕ್ಷೆಗೆ ಬರೆದು ಅಂಕವನ್ನೂ ಪಡೆದಿದ್ದೆ.

ಹೊರಗೆ ಹೋಗಿ ಅಜ್ಜಿಗೆ ಹೇಳಿದೆ. “ಅದನ್ನ ಮೊದ್ಲೇ ಹೇಳೋದಲ್ವಾ” ಎಂದು ಸೆರಗು ಕೊಡವಿ ಎದ್ದರು.

ಒಂದರ ಬಿಸಿ ಇನ್ನೊಂದಕ್ಕೆ ತಾಗದಂತೆ ಎರಡು ಗೂಡು ತರಿಸಿ ಮೊಳದ ಅಂತರದಲ್ಲಿಟ್ಟೆವು. ಕಿಟಕಿ ಕಡೆಯ ಗೂಡಿಗೆ ಯಾವುದು ಎಂಬುದನ್ನು ಪ್ರತಿಸಲವೂ ನಾಣ್ಯ ಚಿಮ್ಮಿ ನಿರ್ಧರಿಸಿದೆವು. ಪ್ರತಿ ಜೋಡಿಗೂ ಹೊಸ ಕಟ್ಟು. ಜ್ವಾಲೆ ಆರಿದ ಗಳಿಗೆಯಿಂದ ಕೆಂಡ ಆರುವವರೆಗೆ ಹೊತ್ತು. ಯಾವುದು ಯಾರದೆಂದು ಅಜ್ಜಿಗೆ ಹೇಳಲಿಲ್ಲ. ಕಾಲೇಜು ಸಂಜೆಯಾದ್ದರಿಂದ ಹಗಲೆಲ್ಲ ಅಲ್ಲೇ ಇದ್ದೆ. ನನ್ನ ಬಟ್ಟೆಯೂ ನಾರತೊಡಗಿ, ತರಗತಿಯಲ್ಲಿ ಈಗ ಮಂಗಳಾರತಿ ನನ್ನ ಪಾಲಿಗೂ ಬಂತು.

ಇಪ್ಪತ್ತೈದು ಜೋಡಿ ಆದವು. ಶೆಡ್ಡಿನ ಬತ್ತಿ ಸರಾಸರಿ 0.2 ನಿಮಿಷ ಹೆಚ್ಚು. ವ್ಯತ್ಯಾಸಗಳ ಏರುಪೇರು 1.5, ಐದರಿಂದ ಭಾಗಿಸಿದರೆ 0.3, ಅದನ್ನು 2.06ರಿಂದ ಗುಣಿಸಿದರೆ 0.62. ಅಂದರೆ ವ್ಯತ್ಯಾಸದ ಹರವು ಸೊನ್ನೆಗಿಂತ 0.4 ಕೆಳಗಿನಿಂದ 0.8 ಮೇಲಿನವರೆಗೆ. ಸೊನ್ನೆ ಒಳಗೇ ಇದೆ, ಅಂದರೆ ವ್ಯತ್ಯಾಸವೇ ಇಲ್ಲದಿರಲೂಬಹುದು. ಶೆಡ್ಡಿನದು ಮೇಲಿದ್ದರೂ ಒಂದು ನಿಮಿಷದ ಒಳಗಿನ ಮಾತು. ಎರಡನ್ನೂ ಕೂಡಿಸಿ ನೋಡಿದರೆ ಸರಾಸರಿ ನಲವತ್ತಕ್ಕೆ ತುಸು ಕೆಳಗೇ ಇತ್ತು. ಆ ಹರವಿನ ಅಂಚುಗಳು ನೆನಪಿಲ್ಲ. ನೆನಪಿದೆ ಎಂದು ಅನ್ನಿಸಿದಾಗಲೆಲ್ಲ ಮೊದಲ ಲೆಕ್ಕದ ಅಂಚುಗಳೇ ಬಂದು ನಿಲ್ಲುತ್ತವೆ, ಆದ್ದರಿಂದ ನಂಬುವುದಿಲ್ಲ.

ಯಜಮಾನರ ಕೋಣೆಯಲ್ಲಿ ಅಮ್ಮಾವರೂ ಇದ್ದರು. ನಾನು ಗೂಟ, ಕುಣಿಕೆ ಯಾವುದನ್ನೂ ತೆಗೆಯಲಿಲ್ಲ. “ಎರಡು ಕಡೆಯ ಬತ್ತಿಗೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಕಡಿಮೆ ಇದ್ರೆ ಎರಡೂ ಕಡಿಮೆ” ಎಂದೆ.

“ನಮ್ ಶೆಡ್ಡಿಂದೂ ಅಷ್ಟೇ ಅಂತೀರಾ?” ಎಂದರು ಅಮ್ಮಾವರು.

“ಹೌದಮ್ಮಾ.”

ಅವರು ಗಂಡನ ಕಡೆ ತಿರುಗಿದರು. “ಹೊಸೆಯೋರು ಬೇರೆ ಬೇರೆ ಸರಿ. ಹಿಟ್ಟು ಬೆರೆಸೋರು ಯಾರು?”

ಹಿಟ್ಟಿನ ಹದ ಯಜಮಾನರದೇ. ಅದನ್ನು ಅವರು ಬಾಗಿಲು ಹಾಕಿಕೊಂಡು ಬೆರೆಸುತ್ತಿದ್ದರು, ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಮ್ಯಾನೇಜರು ಗೋಡೆ ನೋಡುತ್ತಿದ್ದರು. ಯಜಮಾನರು, “ಸರಿ, ಶನಿವಾರ ಹಿಟ್ಟು ಕಳ್ಸು” ಎಂದದ್ದು ಆಗಲೇ ಎಂದು ನನ್ನ ನೆನಪು. ಪೊಟ್ಟಣದ ಮೇಲೆ ನಲವತ್ತರ ಹಿಂದೆ ‘ಸುಮಾರು’ ಎಂಬ ಪದ ಸೇರಿದ್ದನ್ನು ಅಂಗಡಿಯಲ್ಲಿ ನೋಡಿದ ನೆನಪೂ ಇದೆ. ಅಂಥ ಪೊಟ್ಟಣ ಒಂದನ್ನೂ ಇಟ್ಟುಕೊಂಡಿಲ್ಲ.

ಮುಂದೆ ಎಷ್ಟೋ ವರ್ಷಗಳ ಮೇಲೆ ಬಸವೇಶ್ವರನಗರದಲ್ಲಿ ಮ್ಯಾನೇಜರು ಸಿಕ್ಕರು. ಡಿಗ್ರಿ ಮುಗಿಸಿ, ಬೇರೆ ಕಡೆ ದುಡಿದು, ನಿವೃತ್ತರಾಗಿದ್ದರು. ನನ್ನ ಕಥೆಯನ್ನೆಲ್ಲ ಕೇಳಿ ತಲೆಯಾಡಿಸಿದರು. “ಅಜ್ಜಿ ಹೊರಗೆ ಹೋಗಿ ಕೂತಿದ್ದು ನಂಗೆ ನೆನಪಿಲ್ಲ ಸಾರ್. ಹೆಣ ಗಿಣ ಅಂತಾನೂ ಅವರು ಅಂದಿರಲ್ಲ, ಅವರು ಅಂಥ ಮಾತಾಡೋರೇ ಅಲ್ಲ. ಯಜಮಾನ್ರು ಸುಮ್ನಾಗಿದ್ದು ನಿಮ್ಮ ಲೆಕ್ಕದಿಂದಲೂ ಅಲ್ಲ, ಬೊಂಬಾಯಿಯೋನು ಮತ್ತೆ ಆರ್ಡರ್ ಕೊಟ್ಟ, ಅದಕ್ಕೆ.” ಶನಿವಾರ ಹಿಟ್ಟು ಹೋಯಿತೇ ಎಂದು ಕೇಳಿದೆ. ಸ್ವಲ್ಪ ದಿನ ನಿಂತಿತ್ತೇನೋ, ನೆನಪಿಲ್ಲ ಎಂದರು.

ಅದೊಂದನ್ನು ನಾನು ಹಾಗೇ ಬಿಡಲಾರದೆ ಸುಂಕದಕಟ್ಟೆಗೆ ಹೋದೆ. ಹೊಲಗಳಿದ್ದ ಕಡೆ ಮನೆಗಳೆದ್ದಿದ್ದವು. ಕಾರ್ಖಾನೆ ಮುಚ್ಚಿ ಕಾಲವಾಗಿತ್ತು. ಬತ್ತಿ ತಲೆಯ ಮೇಲೆ ಹೊತ್ತು ತರುತ್ತಿದ್ದ ಹೆಂಗಸು ತೀರಿಹೋಗಿದ್ದರು. ಅವರ ಸೊಸೆ ಸಿಕ್ಕರು.

“ಮೇಷ್ಟ್ರು ಬತ್ತಿ ಫೇಲ್ ಮಾಡಿದ್ ಕತೆ ಅತ್ತೆ ಹೇಳ್ತಿದ್ರು. ಅದು ನಾನ್ ಬರೋಕೆ ಮುಂಚೆ. ಕೆಲ್ಸ ನಿಂತಿತ್ತಾ ಅಂದ್ರೆ… ನಿಂತಿದ್ರೆ ಅತ್ತೆ ಅದನ್ನೂ ಹೇಳ್ತಿದ್ರು. ನಾನ್ ಮದ್ವೆಯಾಗಿ ಬಂದ ವಾರವೇ ಹಿಟ್ಟಿನ ಉಂಡೆ ಮುಂದಿಟ್ಟು ಹೊಸೆಯಮ್ಮಾ ಅಂದ್ರು.”

ಆಗ ಹೊಸೆಯುತ್ತಿದ್ದವರು ಇನ್ನೂ ಯಾರಾದರೂ ಇದ್ದಾರೆಯೇ ಎಂದೆ. ಎರಡು ಮನೆ ಹೇಳಿ, ಜೊತೆಗೆ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡರು. ಬೇಡಮ್ಮಾ, ನಾನೊಬ್ಬನೇ ಹೋಗುತ್ತೇನೆ ಎಂದೆ. ಅವರಿಗೆ ಬೇಸರವಾಯಿತೇನೋ. ಆ ಎರಡು ಮನೆಗಳಿಗೂ ಬೇರೆ ಬೇರೆಯಾಗಿ ಹೋದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಕೇಳಿದೆ. ಇಬ್ಬರೂ ವಯಸ್ಸಾದವರು, ಇಬ್ಬರೂ ಆ ವರ್ಷ ಹೊಸೆದವರು. ಇಬ್ಬರೂ ಹೇಳಿದ್ದು ಒಂದೇ: ನಿಲ್ಲಿಸುತ್ತೇವೆ ಎಂದಿದ್ದರು, ಆದರೆ ಆ ಶನಿವಾರವೂ ಹಿಟ್ಟಿನ ಚೀಲ ಬಂದಿತ್ತು.